ಮಲಗಿದ ಗಡ್ಡೆಯನ್ನು ಎಬ್ಬಿಸಬೇಡಿ

ವಿಜಯಪುರಕ್ಕೆ ಬಂದವರು ಗೋಳಗುಮ್ಮಟ ಹತ್ತಿ, ಒಂದು ಚಪ್ಪಾಳೆ ತಟ್ಟಿ, ಪ್ರತಿಧ್ವನಿ ಕೇಳಿ ಹೋಗುತ್ತಾರೆ. ಹೋದ ವರ್ಷ ಡಿಸೆಂಬರ್‌ನಲ್ಲಿ ಊರಿಗೆ ಬಂದಾಗ ನನ್ನ ತಲೆಯಲ್ಲಿದ್ದದ್ದು ಬೇರೆಯೇ ಪ್ರಶ್ನೆ. ನನ್ನ ನೈದಿಲೆ ಯಾಕೆ ಸತ್ತಿತು?

ನಾನಿರುವುದು ಷಿಕಾಗೊದಲ್ಲಿ. ಅವ್ವ ಚಿಕ್ಕವಳಿದ್ದಾಗ ತಿಕೋಟಾ ಕಡೆಯ ಕೆರೆಯಿಂದ ನೀಲಿ ನೈದಿಲೆ ಕಿತ್ತು ತರುತ್ತಿದ್ದ ಕತೆ ಕೇಳಿ ಬೆಳೆದವಳು. ಅಲ್ಲಿನ ನರ್ಸರಿಯಲ್ಲಿ ಉಷ್ಣವಲಯದ ನೀಲಿ ನೈದಿಲೆ ಕಂಡಾಗ ಬಿಡಲಾಗಲಿಲ್ಲ. ಬೇಸಿಗೆಯಿಡೀ ಬಾಲ್ಕನಿಯ ಟಬ್‌ನಲ್ಲಿ ಹೂ ಬಿಟ್ಟಿತು, ವಿಡಿಯೊ ಕಾಲ್‌ನಲ್ಲಿ ಅವ್ವನಿಗೂ ತೋರಿಸಿದೆ. ಅಕ್ಟೋಬರ್‌ನಲ್ಲಿ ಒಂದೇ ರಾತ್ರಿಯ ಕೊರೆಯುವ ಚಳಿಗೆ ಎಲೆಗಳೆಲ್ಲ ಕಪ್ಪಾದವು. ಗಾಬರಿಯಾಗಿ ಕುಂಡ ಒಳಗೆ ತಂದು, ಹೀಟರ್ ಪಕ್ಕ ಇಟ್ಟು, ಗೊಬ್ಬರ ಹಾಕಿದೆ. ತಿಂಗಳೊಳಗೆ ಗಡ್ಡೆ ಕೊಳೆತು ನಾರಿತು.

ಅವ್ವನ ಜೊತೆ ಬಬಲೇಶ್ವರ ತಾಲ್ಲೂಕಿನ ಮಮದಾಪುರಕ್ಕೆ ಹೋಗಿದ್ದೆ. ಅಲ್ಲಿನ ದೊಡ್ಡ ಕೆರೆ 1633ರದ್ದು. ಕಟ್ಟಿಸಿದವನು ಗೋಳಗುಮ್ಮಟದ ಕೆಳಗೆ ಮಲಗಿರುವ ಅದೇ ಮೊಹಮ್ಮದ್ ಆದಿಲ್ ಶಾ. ಊರಿನ ಪಕ್ಕದ ಬೇಗಂ ತಾಲಾಬ್ ಕೂಡ ಅವನ ಕಾಲದ್ದೇ, 1651ರದ್ದು. ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ನಗರಕ್ಕೆ ನೀರು ಬರುತ್ತಿತ್ತು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ, ಮಳೆ ಕೈಕೊಡುವ ಸೀಮೆಯಲ್ಲಿ ನೀರು ಹಿಡಿದಿಡುವುದೇ ಬದುಕು.

ಏರಿಯ ಮೇಲೆ ಕೂತು ಕತೆ ಹೇಳಿದೆ. ಅವ್ವ ನಕ್ಕಳು. "ಅಲ್ಲ ಯವ್ವಾ, ಮಲಗಿದ್ದನ್ನ ಯಾಕ ಎಬ್ಬಿಸಾಕ ಹೋದಿ? ಬ್ಯಾಸಗ್ಯಾಗ ನಮ್ಮ ಕೆರಿ ಪೂರಾ ಬತ್ತತಿತ್ತು. ಗಡ್ಡಿ ರಾಡ್ಯಾಗ ಸುಮ್ನ ಮಲಗತಿತ್ತು. ಮಳಿ ಬಿದ್ದ ಮ್ಯಾಲ ತಾನ ಎಲಿ ಬಿಡತಿತ್ತು."

ಇಲ್ಲಿ ಬರ, ಅಲ್ಲಿ ಹಿಮ. ಗಡ್ಡೆಗೆ ಎರಡೂ ಒಂದೇ, ಮಲಗುವ ಕಾಲ.

ಈ ವರ್ಷ ಹೊಸ ಗಿಡ ತಂದೆ. ಬೇಸಿಗೆ ಮುಗಿಯುತ್ತಿದ್ದಂತೆ ಗೊಬ್ಬರ ನಿಲ್ಲಿಸಿದೆ. ಎಲೆ ಬಾಡಿದ ಮೇಲೆ ಗಿಡ ಕಿತ್ತು, ಬುಡದಲ್ಲಿದ್ದ ಅಕ್ರೋಟ್ ಗಾತ್ರದ ಗಟ್ಟಿ ಗಡ್ಡೆಗಳನ್ನಷ್ಟೇ ಬಿಡಿಸಿ ತೊಳೆದೆ. ಮೆತ್ತಗಿದ್ದವನ್ನು ಎಸೆದೆ. ಡಬ್ಬಿಯಲ್ಲಿ ತುಸುವೇ ಒದ್ದೆ ಮಾಡಿದ ಮರಳು ಹಾಕಿ, ಹುಗಿದು, ಮುಚ್ಚಿ, ನೆಲಮಾಳಿಗೆಯ ಕತ್ತಲಲ್ಲಿ ಇಟ್ಟಿದ್ದೇನೆ. 10ರಿಂದ 15 ಡಿಗ್ರಿ ಇದ್ದರೆ ಸಾಕು. ಹೀಟರ್ ಹತ್ತಿರ ಬೇಡ, ಫ್ರೀಜರ್ ಅಂತೂ ಬೇಡವೇ ಬೇಡ. ತಿಂಗಳಿಗೊಮ್ಮೆ ಮುಟ್ಟಿ ನೋಡುತ್ತೇನೆ, ಕೊಳೆತದ್ದಿದ್ದರೆ ತೆಗೆಯುತ್ತೇನೆ. ಏಪ್ರಿಲ್‌ನಲ್ಲಿ ಬಿಸಿಲು ಬೀಳುವ ಕಿಟಕಿಯಲ್ಲಿ ಉಗುರುಬೆಚ್ಚಗಿನ ನೀರಿಗೆ ಹಾಕಬೇಕು. ಮೊಳಕೆ ಬಂದರೆ ಕುಂಡಕ್ಕೆ. ಹೊರಗಿನ ಟಬ್‌ನ ನೀರು 21 ಡಿಗ್ರಿಗಿಂತ ಬೆಚ್ಚಗಾದ ಮೇಲಷ್ಟೇ ಬಾಲ್ಕನಿಗೆ.

ಅಪ್ಪ ಹೋದಾಗಿನಿಂದ ಅವ್ವನನ್ನು ಇಲ್ಲಿಗೇ ಬಂದುಬಿಡು ಎಂದು ಕಾಡುತ್ತಿದ್ದೆ. ಈಗ ಕಾಡುವುದನ್ನು ಬಿಟ್ಟಿದ್ದೇನೆ. ಮೊನ್ನೆ ಅವಳೇ ಫೋನ್ ಮಾಡಿದಳು.

"ನಿನ್ನ ಗಡ್ಡಿ ಎಂದ ಹೊರಗ ಇಡತಿ?"

"ಮೇ ಕಡೀಕ, ಇಲ್ಲಾ ಜೂನ್‌ದಾಗ ಅವ್ವ."

"ಹಂಗಾರ ಆವಾಗ ಬರ್ತೀನಿ. ಚಳಿ ಮುಗಿಯೂತನಕ ನಾ ನನ್ನ ಮನ್ಯಾಗ ಇರತೀನಿ."