ಕೊಲ್ಹಾರದ ನೀರಾಗ ವಿಮಾನ

ಇಂಡಿ ತಾಲೂಕಿನಲ್ಲಿ ನೀರೆಂದರೆ ಬಹುಕಾಲ ಬೋರ್‌ವೆಲ್ ಮತ್ತು ಟ್ಯಾಂಕರ್. ಅಂಥ ಸೀಮೆಯ ನಿವೃತ್ತ ವಿಜ್ಞಾನ ಮಾಸ್ತರರೊಬ್ಬರು ಲಿಂಬೆ ತೋಟದ ಲೆಕ್ಕವನ್ನು ಮಗನಿಗೆ ಒಪ್ಪಿಸಿ, ನೀರಿನಿಂದ ಏರಿ ನೀರಿಗೇ ಇಳಿಯುವ ರಿಮೋಟ್ ವಿಮಾನ ಜೋಡಿಸಲು ಕೂತರು. "ಸಮುದ್ರ ಎಲ್ಲೈತ್ರೀ?" ಎಂದು ಮನೆಯವರು ಕೇಳಿದ್ದು ನ್ಯಾಯವೇ.

ಉತ್ತರ ಕೊಲ್ಹಾರದಲ್ಲಿತ್ತು. ಮೊನ್ನೆಮೊನ್ನೆಯವರೆಗೆ ಬಸವನ ಬಾಗೇವಾಡಿ ತಾಲೂಕಿಗೆ ಸೇರಿದ್ದ, ಗಡಿಗೆ ಮೊಸರಿಗೆ ಹೆಸರಾದ ಊರು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟೆಯ ಹಿನ್ನೀರು ಹಳೇ ಊರಿನ ಜನರನ್ನು ಪುನರ್ವಸತಿ ಕೇಂದ್ರಕ್ಕೆ ಏರಿಸಿತು. ಮಳೆಗಾಲ ಮುಗಿದ ಮೇಲೆ ಅಲ್ಲಿ ಕೃಷ್ಣೆ ಕಣ್ಣು ಹಾಯುವಷ್ಟೂ ಹರಡಿರುತ್ತಾಳೆ. ಊರು ಬಿಟ್ಟವರ ಎದುರು ಇದನ್ನು ಆಟದ ಮೈದಾನ ಎನ್ನಲು ಬಾಯಿ ಬರುವುದಿಲ್ಲ. ಆದರೂ ವಿಮಾನಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಜಿಲ್ಲೆಯಲ್ಲಿ ಸಿಗದು.

ಮುದ್ದೇಬಿಹಾಳದಿಂದ ಅಳಿಯ ಬಂದಿದ್ದ, ಇಂಜಿನಿಯರಿಂಗ್ ಓದುವ ಹುಡುಗ. ದಡದಲ್ಲಿ ಮಾಸ್ತರರು ಬ್ಯಾಟರಿ ಮುಚ್ಚಳದ ಅಂಚಿಗೆ ವ್ಯಾಸಲೀನ್ ಸವರಿ, ಮೇಲೆ ಟೇಪು ಒತ್ತಿದರು. ಮೋಟಾರು ಮೂಗಿನಲ್ಲಿಲ್ಲ, ರೆಕ್ಕೆಯ ಮೇಲಿನ ಪುಟ್ಟ ಕಂಬದ ಮೇಲೆ ಕೂತಿದೆ, ಪಂಖಕ್ಕೆ ನೀರು ಸಿಡಿಯಬಾರದೆಂದು.

ಹೀಗೇ ಎತ್ತರದ ರೆಕ್ಕೆಯ ಮೇಲೆ ಇಂಜಿನ್ ಹೊತ್ತ ದೊಡ್ಡ ವಿಮಾನಗಳು ಕರ್ನಾಟಕಕ್ಕೂ ಬಂದಿದ್ದವು. ಎರಡನೇ ಮಹಾಯುದ್ಧದ ಕಾಲದಲ್ಲಿ ಕ್ಯಾಟಲಿನಾ ಎಂಬ ಹಾರುದೋಣಿಗಳು ರಿಪೇರಿಗಾಗಿ ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ಈಗಿನವರಿಗೆ ಆ ಕೆರೆ ನೊರೆಯಿಂದ ಗೊತ್ತು, ಇರಲಿ. ರಿಪೇರಿ ಮಾಡುತ್ತಿದ್ದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು 1940ರಲ್ಲಿ ಕಟ್ಟಿದವರು ವಾಲ್‌ಚಂದ್ ಹೀರಾಚಂದ್. ಅವರ ಹುಟ್ಟೂರು, ಇಂಡಿಯವರು ಸಂತೆ-ದವಾಖಾನೆಗೆ ಹೋಗುವ ಸೊಲ್ಲಾಪುರ. ಹುಟ್ಟಿದ್ದು 1882ರ ನವೆಂಬರ್ 23. ಅದಾದ ಆರೇ ದಿನಕ್ಕೆ ಫ್ರಾನ್ಸಿನಲ್ಲಿ ಹುಟ್ಟಿದ ಹೆನ್ರಿ ಫಾಬ್ರ್ 1910ರ ಮಾರ್ಚ್ 28ರಂದು ಜಗತ್ತಿನಲ್ಲೇ ಮೊದಲು ಇಂಜಿನ್ ವಿಮಾನವನ್ನು ನೀರಿನಿಂದ ಮೇಲೆಬ್ಬಿಸಿದ. ಅದಕ್ಕೂ ಮೊದಲು ಆತ ವಿಮಾನ ನಡೆಸಿದವನೇ ಅಲ್ಲ! ಈ ಸಂಗತಿಯನ್ನು ಮಾಸ್ತರರು ದಾರಿಯುದ್ದಕ್ಕೂ ಧೈರ್ಯದ ಗುಳಿಗೆಯಂತೆ ಅಳಿಯನಿಗೆ ಹೇಳುತ್ತಲೇ ಬಂದಿದ್ದರು.

"ಗಾಳಿಗಿ ಎದುರ ತಿರುವ್ರಿ ಮಾಮಾ," ಎಂದ ಹುಡುಗ.

ಇಂಥ ವಿಮಾನಕ್ಕೆ ಆಕಾಶ ಕಷ್ಟವಲ್ಲ, ನೀರೇ ಕಷ್ಟ. ವೇಗ ಹೆಚ್ಚಿದಂತೆ ನೀರು ತಳವನ್ನು ಹೀರಿ ಹಿಡಿಯುತ್ತದೆ. ಅಮೆರಿಕದ ಗ್ಲೆನ್ ಕರ್ಟಿಸ್ 1912ರ ಹೊತ್ತಿಗೆ ಇದಕ್ಕೆ ಕಂಡುಕೊಂಡ ಉಪಾಯ, ತಳದ ನಡುವೆ ಒಂದು ಮೆಟ್ಟಿಲು. ಅಲ್ಲಿ ಗಾಳಿ ನುಗ್ಗಿ ಹಿಂಭಾಗ ನೀರಿನಿಂದ ಬಿಡಿಸಿಕೊಳ್ಳುತ್ತದೆ. ಮಾಸ್ತರರ ಥರ್ಮಾಕೋಲಿನ ವಿಮಾನಕ್ಕೂ ಬೆರಳಗಲದ ಅದೇ ಮೆಟ್ಟಿಲಿದೆ. ನೀರು ಕನ್ನಡಿಯಂತೆ ನಿಂತಿದ್ದರೆ ಹಿಡಿತ ಇನ್ನೂ ಗಟ್ಟಿ. ಸಣ್ಣ ಅಲೆ ಇದ್ದರೆ ಒಳ್ಳೆಯದು.

ಅಲೆ ಇತ್ತು. ಥ್ರಾಟಲ್ ಏರಿಸುತ್ತಿದ್ದಂತೆ ವಿಮಾನ ಮೊದಲು ಮೂಗೆತ್ತಿ ನೀರನ್ನು ಉತ್ತಿತು, ಆಮೇಲೆ ಮೆಟ್ಟಿಲ ಮೇಲೆ ಮಟ್ಟಸವಾಗಿ ಜಾರತೊಡಗಿತು. ಇಲ್ಲಿ ರಿಮೋಟಿನ ಕಡ್ಡಿಯನ್ನು ಹಿಂದಕ್ಕೆ ಜಗ್ಗಿದರೆ ಕೆಲಸ ಕೆಟ್ಟಿತು, ಕಪ್ಪೆಯಾಟ ಶುರು. "ಸಡಲ ಬಿಡ್ರಿ, ಸಡಲ!" ಬೆರಳು ಸಡಿಲಾಯಿತು. ಹಿಂದಿನ ಬಿಳಿ ಗೆರೆ ತಟ್ಟನೆ ಕಡಿದುಹೋಯಿತು. ಮಾಸ್ತರರು ನೀರಿನತ್ತಲೇ ನೋಡುತ್ತಿದ್ದರು, ವಿಮಾನ ಅಷ್ಟರಲ್ಲಿ ಜಾಲಿಮರದ ಎತ್ತರದಲ್ಲಿತ್ತು.

ಎರಡು ಸುತ್ತು ಹಾಕಿ, ಥ್ರಾಟಲ್ ಇಳಿಸಿ, ಅಷ್ಟೇನೂ ಮರ್ಯಾದಸ್ತವಲ್ಲದ ಎರಡು ಜಿಗಿತದೊಂದಿಗೆ ಅದು ನೀರಿಗೆ ಬಂತು. ದಡಕ್ಕೆ ತೇಲಿಸುವಷ್ಟರಲ್ಲಿ ತೆಪ್ಪದ ಮೀನುಗಾರರೊಬ್ಬರು ಹತ್ತಿರ ಹುಟ್ಟು ಹಾಕಿಕೊಂಡು ಬಂದರು.

"ಮೀನ ಹಿಡೀತೈತೇನ್ರಿ ಇದು?"

"ಇಲ್ರೀ ಕಾಕಾ," ಎಂದ ಹುಡುಗ, ಮಾವನ ಕೈಯಿಂದ ರಿಮೋಟ್ ಕಸಿದುಕೊಳ್ಳುತ್ತ. "ನಮ್ಮ ಮಾಮಾನ್ನ ಹಿಡದೈತಿ."