ಇಪ್ಪತ್ತೊಂದನೆಯವನು: ಕೆಲವು ಟಿಪ್ಪಣಿಗಳು

1
1936ರ ಫೆಬ್ರವರಿ 17, ಸೋಮವಾರ. ಅಮೆರಿಕದ ಪತ್ರಿಕೆಗಳಲ್ಲಿ ‘ಫ್ಯಾಂಟಮ್’ ಎಂಬ ಚಿತ್ರಕತೆ ಶುರು. ಕತೆ ಲೀ ಫಾಕ್, ಚಿತ್ರ ರೇ ಮೂರ್. ಫಾಕ್ ಅವರಿಗೆ ಆಗ 24 ವರ್ಷ. ಅಷ್ಟು ಹೊತ್ತಿಗೆ ಅವರ ಇನ್ನೊಂದು ಚಿತ್ರಕತೆ ‘ಮಾಂಡ್ರೇಕ್’ ಶುರುವಾಗಿ ಒಂದೂವರೆ ವರ್ಷ ಕಳೆದಿತ್ತು.

2
ಫ್ಯಾಂಟಮ್‌ನ ಮುಸುಕಿನ ಹಿಂದೆ ಇರಬೇಕಾಗಿದ್ದವನು ಜಿಮ್ಮಿ ವೆಲ್ಸ್ ಎಂಬ ಶ್ರೀಮಂತರ ಹುಡುಗ. ಕತೆ ಅರ್ಧ ದಾರಿಯಲ್ಲಿದ್ದಾಗ ಫಾಕ್ ಮನಸ್ಸು ಬದಲಾಯಿಸಿದರು. ನಾಯಕನನ್ನು ಕಾಡಿಗೆ ಕಳಿಸಿ 400 ವರ್ಷದ ವಂಶ ಕಟ್ಟಿಕೊಟ್ಟರು. ಆದರೆ ದಿನಪತ್ರಿಕೆಯಲ್ಲಿ ಅಚ್ಚಾದದ್ದು ಅಚ್ಚಾದದ್ದೇ. ಜಿಮ್ಮಿ ವೆಲ್ಸ್ ಈಗಲೂ ಆ ಮೊದಲ ಕತೆಯಲ್ಲಿ ಇದ್ದಾನೆ. ಮಾಡಲು ಕೆಲಸವಿಲ್ಲ.

3
ವಂಶದ ಲೆಕ್ಕ. 1536ರಲ್ಲಿ ಕಡಲ್ಗಳ್ಳರು ಹಡಗೊಂದರ ಮೇಲೆ ಬೀಳುತ್ತಾರೆ. ಬದುಕಿ ದಡ ಸೇರುವುದು ಒಬ್ಬನೇ. ತಂದೆಯನ್ನು ಕೊಂದವನ ತಲೆಬುರುಡೆಯ ಮೇಲೆ ಕೈಯಿಟ್ಟು ಆಣೆ ಮಾಡುತ್ತಾನೆ: ತಾನೂ ತನ್ನ ಸಂತಾನವೂ ಕಡಲ್ಗಳ್ಳತನ, ಕ್ರೌರ್ಯ, ಅನ್ಯಾಯಗಳ ಬೆನ್ನು ಬಿಡುವುದಿಲ್ಲ. ಅಪ್ಪ ಸತ್ತ ಮೇಲೆ ಮಗ ಅದೇ ಉಡುಪು ತೊಡುತ್ತಾನೆ. ಹೊರಗಿನವರ ಕಣ್ಣಿಗೆ ಒಬ್ಬನೇ ಮನುಷ್ಯ, ಸಾವಿಲ್ಲದವನು.

ನಾವು ಓದುತ್ತಿರುವುದು 21ನೆಯವನನ್ನು.

1536ರಿಂದ 1936ಕ್ಕೆ 400 ವರ್ಷ. ಆಗಿಹೋದವರು 20 ಜನ. ತಲೆಗೆ 20 ವರ್ಷ.

4
ಗುಟ್ಟು ಗೊತ್ತಿರುವವರು: ಬಾಂಡರ್ ಬುಡಕಟ್ಟಿನ ಜನ, ಅವರ ಮುಖಂಡ ಗುರನ್, ಅವನ ಪ್ರಿಯತಮೆ ಡಯಾನಾ, ಮತ್ತು ಪತ್ರಿಕೆ ಓದುವವರೆಲ್ಲ.

5
ಮುಸುಕಿನಲ್ಲಿ ಕಣ್ಣಿನ ತೂತುಗಳಿವೆ, ಕಣ್ಣುಗುಡ್ಡೆಗಳಿಲ್ಲ. ಬರೀ ಬಿಳಿ. ಹಳೆಯ ಗ್ರೀಕ್ ಶಿಲ್ಪಗಳ ಗುಡ್ಡೆಯಿಲ್ಲದ ಕಣ್ಣು ನೋಡಿ ಇದು ಹೊಳೆಯಿತೆಂದು ಫಾಕ್ ಹೇಳಿದ್ದರು.

ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಕೊಂಡ ಹಳೆಯ ಸಂಚಿಕೆಯೊಂದು ನನ್ನಲ್ಲಿದೆ. ಪಿನ್ನು ತುಕ್ಕು ಹಿಡಿದಿದೆ. ಯಾವುದೋ ಮಗು ನೀಲಿ ಬಾಲ್‌ಪೆನ್ನಿನಿಂದ ಫ್ಯಾಂಟಮ್‌ಗೆ ಕಣ್ಣುಗುಡ್ಡೆ ಇಟ್ಟಿದೆ. ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಒಂದು ಚೌಕವನ್ನೂ ಬಿಟ್ಟಿಲ್ಲ. ಕೆಲವೆಡೆ ಪೆನ್ನು ಒತ್ತಿ ಕಾಗದ ಹರಿದಿದೆ. ಖಳರ ಕಣ್ಣು ಮುಟ್ಟಿಲ್ಲ.

6
ಊರಿಗೆ ಬಂದಾಗ ಚೌಕಳಿ ಕೋಟು, ಹ್ಯಾಟು, ಕಪ್ಪು ಕನ್ನಡಕ. ಹೆಸರು ಮಿಸ್ಟರ್ ವಾಕರ್. ಮುಸುಕು ತೆಗೆದರೂ ಮುಖ ಸಿಗುವುದಿಲ್ಲ.

ಬಾರ್‌ಗೆ ಹೋದರೆ ಹಾಲು ಕೇಳುತ್ತಾನೆ. ಯಾರೋ ನಗುತ್ತಾರೆ. ಹೊಡೆದಾಟ.

ಜತೆಗಿರುವ ಡೆವಿಲನ್ನು ನೋಡಿದವರು ನಾಯಿ ಎನ್ನುತ್ತಾರೆ. ತೋಳ ಎಂದು ತಿದ್ದುತ್ತಾನೆ. ಮುಂದಿನ ಕತೆಯಲ್ಲಿ ಮತ್ತೆ ಯಾರೋ ನಾಯಿ ಎನ್ನುತ್ತಾರೆ.

7
ಜಂಗಲ್ ಪಟ್ರೋಲ್ ಎಂಬ ಕಾವಲು ಪಡೆಗೆ ಅವನೇ ದಂಡನಾಯಕ. ಪಡೆಯವರಿಗೆ ಅದು ತಿಳಿಯದು. ಆಜ್ಞೆಗಳು ಬರುವುದು ಠಾಣೆಯ ತಿಜೋರಿಯೊಂದರಲ್ಲಿ. ಅದರ ತಳ ತೆರೆದುಕೊಳ್ಳುತ್ತದೆ. ಕೆಳಗೆ ಸುರಂಗ, ಸುರಂಗದ ಆಚೆ ತುದಿಯಲ್ಲಿ ಹಾಳುಬಾವಿ. ದೀಪ ಹತ್ತಿದರೆ ಕಾಗದ ಬಂದಿದೆ ಎಂದು ಅರ್ಥ. ಕರ್ನಲ್ ಓದಿ ಹಾಗೆಯೇ ನಡೆಸುತ್ತಾರೆ. ಬರೆದವನು ಯಾರೆಂದು ಅವರಿಗೆ ಗೊತ್ತಿಲ್ಲ.

8
1939ರ ಮೇ 28ರಿಂದ ಭಾನುವಾರಕ್ಕೆ ಬೇರೆ ಕತೆ, ಬಣ್ಣದಲ್ಲಿ. ವಾರದ ದಿನಗಳ ಕತೆಗೂ ಅದಕ್ಕೂ ಸಂಬಂಧವಿಲ್ಲ. ಶನಿವಾರ ಬಾವಿಯಲ್ಲಿ ಸಿಕ್ಕಿಬಿದ್ದವನು ಭಾನುವಾರ ಕುದುರೆಯ ಮೇಲಿರುತ್ತಾನೆ. ಸೋಮವಾರ ಮತ್ತೆ ಬಾವಿಯಲ್ಲಿ. ಓದುಗರು ಇದನ್ನು ಒಪ್ಪಿಕೊಂಡಿದ್ದಾರೆ.

9
ಫಾಕ್ ಮನಸ್ಸಿನಲ್ಲಿದ್ದ ಉಡುಪು ಬೂದು ಬಣ್ಣದ್ದು. ಭಾನುವಾರದ ಪುಟದಲ್ಲಿ ನೇರಳೆಯಾಗಿ ಅಚ್ಚಾಯಿತು. ಸ್ವೀಡನ್ನಿನಲ್ಲಿ ನೀಲಿ. ಇಟಲಿ, ಟರ್ಕಿ, ಬ್ರೆಜಿಲ್‌ಗಳಲ್ಲಿ ಕೆಂಪು.

ಹಸಿರು ಕಾಡಿನಲ್ಲಿ ಅಡಗಿ ಬದುಕುವವನಿಗೆ ಈ ಪಟ್ಟಿಯಲ್ಲಿ ಹಸಿರು ಬಟ್ಟೆಯೇ ಇಲ್ಲ.

10
ಕಾಡು ಮೊದಲು ಏಷ್ಯಾದಲ್ಲಿತ್ತು, ಭಾರತದ ಆಸುಪಾಸಿನಲ್ಲಿ. ವರ್ಷಗಳು ಕಳೆದಂತೆ ಆಫ್ರಿಕಾಕ್ಕೆ ಹೋಯಿತು. ಹುಲಿಗಳೂ ಜತೆಗೆ ಹೋದವು. ಈಡನ್ ಎಂಬ ದ್ವೀಪದಲ್ಲಿ ಹುಲಿ, ಸಿಂಹ, ಜಿಂಕೆ ಒಟ್ಟಿಗಿವೆ. ಹುಲಿಗಳಿಗೆ ಅಲ್ಲಿ ಮೀನಿನ ಊಟ.

ಕಾಡಿನ ಜನ ಕರಿಯರು. ಕಾಯುವವರು 21 ತಲೆಮಾರಿನಿಂದ ಬಿಳಿಯರ ಒಂದೇ ಮನೆತನ. ಕಾಡಿರುವ ದೇಶ ಬಂಗಲ್ಲಾ ಸ್ವತಂತ್ರವಾಗಿ ಲಮಾಂಡಾ ಲುವಾಗಾ ಅಧ್ಯಕ್ಷರಾದರು. ಆಮೇಲೂ ಕಾವಲು ಮುಂದುವರಿಯಿತು. ಈ ಪುಟಗಳನ್ನು ಎಷ್ಟು ಪ್ರೀತಿಯಿಂದ ಓದಿದರೂ ಇಲ್ಲಿ ನನಗೆ ತಡೆಯುತ್ತದೆ.

11
ಚಿತ್ರ ಬರೆದ ಕೈಗಳು. ರೇ ಮೂರ್: ಕಪ್ಪು ಹೆಚ್ಚು, ನೆರಳು ಹೆಚ್ಚು. ನನ್ನ ಮಟ್ಟಿಗೆ ಇವರ ಕಾಡೇ ಕಾಡು. ಆಮೇಲೆ ಅವರ ಸಹಾಯಕ ವಿಲ್ಸನ್ ಮೆಕಾಯ್: ಗೆರೆ ಸರಳವಾಯಿತು. 1961ರಲ್ಲಿ ಮೆಕಾಯ್ ತೀರಿಕೊಂಡರು. ಕೆಲವು ಕಾಲ ಬಿಲ್ ಲಿಗ್ನಾಂಟೆ. ಅದೇ ವರ್ಷ ಸೈ ಬ್ಯಾರಿ ಬಂದರು, 1994ರವರೆಗೆ ಬರೆದರು. ಇನ್ನೂ ಕೆಲವರು ಬಂದುಹೋದರು. ಪಾಲ್ ರಯಾನ್ 2016ರಲ್ಲಿ ತೀರಿಕೊಂಡಾಗ ಮೈಕ್ ಮ್ಯಾನ್ಲಿ ಮುಂದುವರಿಸಿದರು.

ಕತೆಯೊಳಗೆ ಯಾರೂ ಗಮನಿಸಲಿಲ್ಲ.

12
ಆಸ್ಟ್ರೇಲಿಯಾದಲ್ಲಿ ಫ್ರೂ ಪ್ರಕಾಶನ 1948ರಿಂದ ಫ್ಯಾಂಟಮ್ ಪುಸ್ತಕ ತರುತ್ತಿದೆ. ಸ್ವೀಡನ್ನಿನಲ್ಲಿ 1950ರಿಂದ. ತವರಿನಲ್ಲಿ ಇಷ್ಟು ದೀರ್ಘಕಾಲದ ಪುಸ್ತಕ ಬರಲಿಲ್ಲ.

13
ಪಪುವಾ ನ್ಯೂಗಿನಿಯಲ್ಲಿ ಟೋಕ್ ಪಿಸಿನ್ ಭಾಷೆಯಲ್ಲೂ ಓದಿದರು. ಅಲ್ಲಿನ ಮಲೆನಾಡಿನ ವಾಗಿ ಕಣಿವೆಯಲ್ಲಿ ಬುಡಕಟ್ಟುಗಳ ಕಾದಾಟ ಮರಳಿ ಶುರುವಾದಾಗ ಆಳೆತ್ತರದ ಗುರಾಣಿಗಳು ಹೊರಬಂದವು. ಕೆಲವುಗಳ ಮೇಲೆ ಫ್ಯಾಂಟಮ್. ಸಾಯದವನನ್ನು ಬಣ್ಣದಲ್ಲಿ ಬರೆದು, ಎದುರಿಗೆ ಹಿಡಿದು, ಸಾಯಬಲ್ಲವರು ಅದರ ಹಿಂದೆ ನಿಂತರು. ಅಂಥ ಗುರಾಣಿಗಳು ಈಗ ವಸ್ತುಸಂಗ್ರಹಾಲಯಗಳಲ್ಲಿವೆ.

14
ನಮ್ಮಲ್ಲಿ 1940ರ ದಶಕದಲ್ಲಿ ‘ಇಲಸ್ಟ್ರೇಟೆಡ್ ವೀಕ್ಲಿ’ಯಲ್ಲಿ ಬಂತು. 1964ರ ಮಾರ್ಚ್‌ನಲ್ಲಿ ಇಂದ್ರಜಾಲ ಕಾಮಿಕ್ಸ್. ಮೊದಲ ಸಂಚಿಕೆಯೇ ಫ್ಯಾಂಟಮ್‌ದು. ಬಿ. ಗೋವಿಂದ್ ಅನೇಕ ಮುಖಪುಟ ಬರೆದರು. ಬಂಗಾಳದ ನೆರಳು ಬೀಳದಂತೆ ದೇಶದ ಹೆಸರು ಡೆಂಕಾಲಿಯಾಯಿತು. ಕಡಲ್ಗಳ್ಳರು ‘ಸಿಂಗ್’ ಬಿಟ್ಟು ‘ಸಿಂಗಾ’ ಆದರು. 1990ರಲ್ಲಿ ಇಂದ್ರಜಾಲ ನಿಂತಿತು.

ಕನ್ನಡದಲ್ಲೂ ಇಂದ್ರಜಾಲ ಬರುತ್ತಿತ್ತು. ಇಂಗ್ಲಿಷ್ ಸಂಚಿಕೆಗಳನ್ನು ನಂಬರು ಹಾಕಿ ಜೋಪಾನ ಮಾಡುವವರಿದ್ದಾರೆ. ಕನ್ನಡದವು ಕೈಗೆ ಸಿಗುವುದೇ ಅಪರೂಪ. ಮನೆಯ ಅಟ್ಟದಲ್ಲಿ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ.

15
ಫಾಕ್ 1999ರ ಮಾರ್ಚ್ 13ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಕೊನೆಯ ದಿನಗಳಲ್ಲಿ ಆಮ್ಲಜನಕದ ಮುಖವಾಡ ಸರಿಸಿ ಕತೆ ಬರೆಸುತ್ತಿದ್ದರಂತೆ. ಆ ಬಳಿಕ ಟೋನಿ ಡಿಪಾಲ್ ಬರೆಯಹತ್ತಿದರು.

16
ಡಯಾನಾ ಪಾಮರ್ 1936ರ ಮೊದಲ ಕತೆಯಲ್ಲೇ ಇದ್ದಾಳೆ. ಮದುವೆಯಾದದ್ದು 1977ರಲ್ಲಿ. 41 ವರ್ಷ ಕಾದ ಹೆಣ್ಣಿನ ತಲೆಯಲ್ಲಿ ಒಂದು ನರೆಗೂದಲನ್ನೂ ಯಾರೂ ಬರೆಯಲಿಲ್ಲ.

1979ರಲ್ಲಿ ಅವಳಿ ಮಕ್ಕಳು: ಮಗ ಕಿಟ್, ಮಗಳು ಹೆಲೊಯ್ಸ್. ಕಿಟ್‌ನನ್ನು ಓದಲು ಹಿಮಾಲಯದ ಮಠವೊಂದಕ್ಕೆ ಕಳಿಸಿದರು. ಅವನು 22ನೆಯವನಾಗಬೇಕು. ಇನ್ನೂ ಆಗಿಲ್ಲ.