ಹಾಲಿನ ಬೈಕಿನ ಹಿಂದಿನ ಟೈರು

"ಆ ಟೈರು ಕೊನೆಗೆ ಹೇಗೆ ಬಿಚ್ಚಿತು?" ಎಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ನಾಲ್ಕೈದು ಮನೆಯವರು ಕೇಳಿದರು. ಒಬ್ಬೊಬ್ಬರಿಗೂ ಹೇಳುವ ಬದಲು ಇಲ್ಲೇ ಬರೆದುಬಿಡುತ್ತೇವೆ.

ನಮ್ಮ ಬಳಗದ ತಮ್ಮನೊಬ್ಬ ದಿನಾ ಬೆಳಿಗ್ಗೆ ತಾಳವಾಡಿ ಸುತ್ತಲಿನ ಮನೆಗಳಿಂದ ಹಾಲು ತಂದು ಡೈರಿಗೆ ಹಾಕುತ್ತಾನೆ. ಮಣ್ಣುದಾರಿಗೆ ಬೇಕೆಂದು ಊಟಿ ಕಡೆಯವರೊಬ್ಬರಿಂದ ಹಳೆಯ ಎಕ್ಸ್‌ಪಲ್ಸ್ ಬೈಕ್ ಕೊಂಡಿದ್ದ. ಮುಂದೆ 21 ಇಂಚು, ಹಿಂದೆ 18 ಇಂಚಿನ ಚಕ್ರ. ಸ್ಪೋಕ್ ರಿಮ್, ಒಳಗೆ ಟ್ಯೂಬು. ಹಿಂದಿನ ಟೈರು ಪೂರ್ತಿ ಸವೆದು ಕೆಸರಿನಲ್ಲಿ ಎರಡು ಸಲ ಜಾರಿತ್ತು. ಹೊಸ ಟೈರೇನೋ ತಂದಾಯಿತು, ಹಳೆಯದು ಬಿಡಬೇಕಲ್ಲ! ಅಂಗಡಿಯವರು ಅರ್ಧ ದಿನ ಬಡಿದು, "ಕತ್ತರಿಸಿಯೇ ತೆಗೆಯಬೇಕು, ರಿಮ್ ಹೋದರೆ ನಮ್ಮನ್ನು ಕೇಳಬೇಡಿ" ಎಂದು ವಾಪಸು ಕೊಟ್ಟರು. ಸತ್ಯಮಂಗಲಕ್ಕೆ ಒಯ್ಯೋಣವೆಂದರೆ ದಿಂಬಂ ಘಾಟಿಯ 27 ತಿರುವು, ಮೇಲೆ ರಾತ್ರಿ ವಾಹನ ಸಂಚಾರಕ್ಕೆ ನಿರ್ಬಂಧ. ಬೆಳಗಾದರೆ ಹಾಲು ಕಾಯುವುದಿಲ್ಲ. ಎರಡು ದಿನ ಹೋಗದಿದ್ದರೆ ಆ ಮನೆಯವರು ಬೇರೆಯವರಿಗೆ ಹಾಕುತ್ತಾರೆ. ಅವನ ತಂಗಿಯ ನರ್ಸಿಂಗ್ ಫೀಸು ಆ ಹಾಲಿನಿಂದಲೇ.

ಸಂಜೆ ನಾಲ್ಕಕ್ಕೆ ಚಕ್ರವನ್ನು ಸಭಾಂಗಣದ ಹಿಂದೆ ತಂದೆವು. ಡಿಸ್ಕ್ ನೆಲಕ್ಕೆ ತಾಗದಂತೆ ಕೆಳಗೆ ಹಳೆಯ ಕಾರಿನ ಟೈರು ಇಟ್ಟೆವು. ವಾಲ್ವ್ ಪಿನ್ ತೆಗೆದು ಗಾಳಿ ಪೂರ್ತಿ ಬಿಟ್ಟೆವು. ಆಗ ಕಣ್ಣಿಗೆ ಬಿದ್ದದ್ದು ವಾಲ್ವ್‌ನಿಂದ ಸ್ವಲ್ಪ ದೂರದಲ್ಲಿ ಇನ್ನೊಂದು ನಟ್ಟು. ಅದು ರಿಮ್ ಲಾಕ್. ಕೆಸರು ಓಟದವರು ಗಾಳಿ ಕಡಿಮೆ ಇಟ್ಟು ಓಡಿಸುತ್ತಾರೆ. ಆಗ ಟೈರು ರಿಮ್ ಮೇಲೆ ಜಾರಿ ವಾಲ್ವ್ ಕಿತ್ತುಕೊಳ್ಳದಿರಲೆಂದು ಒಳಗಿನಿಂದ ಟೈರಿನ ಅಂಚನ್ನು ರಿಮ್‌ಗೆ ಅದುಮಿ ಹಿಡಿಯುವ ತುಂಡು. ಹಳೆಯ ಮಾಲೀಕರು ಹಾಕಿಸಿದ್ದಿರಬೇಕು. ಅದು ಬಿಗಿಯಾಗಿದ್ದರೆ ಆನೆ ಬಂದು ಎಳೆದರೂ ಅಲ್ಲಿ ಟೈರು ಬಿಡದು. ನಟ್ಟನ್ನು ತುದಿಯವರೆಗೆ ಸಡಿಲಿಸಿ, ಬೋಲ್ಟನ್ನು ಒಳಕ್ಕೆ ತಳ್ಳಿದೆವು.

ಆದರೂ ಅಂಚು ಅಲುಗಲಿಲ್ಲ. ತುಕ್ಕು, ಹಳೆಯ ರಬ್ಬರು ಸೇರಿ ಒಂದಾಗಿಬಿಟ್ಟಿತ್ತು. ಒಂದು ಗಂಟೆ ಬಿಸಿಲಿಗೆ ಇಟ್ಟು, ಸುತ್ತಲೂ ಸೋಪಿನ ನೀರು ಬಿಟ್ಟೆವು. ಆಮೇಲೆ ಇನ್ನೊಂದು ಬೈಕಿನ ಸೈಡ್ ಸ್ಟ್ಯಾಂಡನ್ನು ರಿಮ್ ಪಕ್ಕದ ರಬ್ಬರಿನ ಮೇಲೆ ಇಟ್ಟು, ಇಬ್ಬರು ಬೈಕನ್ನು ಹಿಡಿದುಕೊಂಡು ಮೆಲ್ಲಗೆ ಆ ಕಡೆಗೆ ವಾಲಿಸಿದೆವು. ನಾಲ್ಕನೇ ಜಾಗದಲ್ಲಿ 'ಫಟ್' ಅಂದಿತು. ಆ ಸದ್ದು ಕೇಳಿದ ತಮ್ಮನ ಮುಖ ನೋಡಬೇಕಿತ್ತು! ಚಕ್ರ ಮಗುಚಿ ಇನ್ನೊಂದು ಕಡೆಯೂ ಹಾಗೆಯೇ ಬಿಡಿಸಿದೆವು.

ಲಿವರ್ ಹಾಕಿದರೆ ಮತ್ತೆ ಬಿಗಿ. ಚಹಾ ತಂದ ದೊಡ್ಡಮ್ಮ ಸ್ವಲ್ಪ ಹೊತ್ತು ನೋಡಿ, "ಬಳೆಗಾರ ಬಳೆ ಹಿಗ್ಗಿಸುತ್ತಾನೇನ್ರೋ? ಸೋಪು ಹಚ್ಚಿ ಕೈಯನ್ನು ಕಿರಿದು ಮಾಡುತ್ತಾನೆ" ಅಂದರು. ಇಡೀ ಕೆಲಸದ ಗುಟ್ಟು ಅಷ್ಟೇ. ಟೈರಿನ ಅಂಚಿನೊಳಗೆ ಉಕ್ಕಿನ ತಂತಿ ಇದೆ, ಅದು ಹಿಗ್ಗುವುದಿಲ್ಲ. ರಿಮ್‌ನ ನಡುವೆ ಮಾತ್ರ ಒಂದು ತಗ್ಗು ಇದೆ. ಲಿವರ್‌ನ ಎದುರು ಬದಿಯ ಅಂಚನ್ನು ಮೊಣಕಾಲಿನಿಂದ ಆ ತಗ್ಗಿಗೆ ಅದುಮಿದರೆ ಲಿವರ್ ಕಡೆ ಸಡಿಲ ಸಿಗುತ್ತದೆ. ಇಬ್ಬರು ಎದುರು ಬದಿ ಮಂಡಿಯೂರಿದರು, ಒಬ್ಬರು ಲಿವರ್ ಹಿಡಿದರು. ಒಂದು ಸಲಕ್ಕೆ ಎರಡು ಬೆರಳಗಲ, ಹೆಚ್ಚಿಲ್ಲ. ಕೈಯಲ್ಲಿ ಎಷ್ಟು ಬಲವಿದ್ದರೂ ಎದುರಿನವರ ಮೊಣಕಾಲು ಎದ್ದರೆ ಟೈರು ಪುನಃ ಕಲ್ಲು.

ಹೊಸದು ಹಾಕುವಾಗಲೂ ಇದೇ ಲೆಕ್ಕ. ಟ್ಯೂಬಿಗೆ ಪೌಡರ್ ಹಚ್ಚಿ, ಆಕಾರ ಬರುವಷ್ಟು ಗಾಳಿ ತುಂಬಿದರೆ ಲಿವರ್‌ಗೆ ಸಿಕ್ಕಿ ತೂತಾಗುವುದು ತಪ್ಪುತ್ತದೆ. ಕೊನೆಗೆ ಗಾಳಿ ತುಂಬಿದ ಮೇಲೆ ರಿಮ್ ಪಕ್ಕದ ಗೆರೆ ಸುತ್ತಲೂ ಒಂದೇ ಸಮ ಕಾಣಬೇಕು. ರಿಮ್ ಲಾಕ್ ನಟ್ಟನ್ನು ಬಿಗಿಮಾಡುವುದು ಅದಾದ ಮೇಲೆಯೇ.

ಏಳೂವರೆಗೆ ಚಕ್ರ ಬೈಕಿಗೆ ಕೂತಿತು. ಮರುದಿನ ಐದಕ್ಕೆ ಕ್ಯಾನುಗಳ ಸದ್ದು ಕೇಳಿತು.

ಮೂರು ಲಿವರ್‌ಗಳೂ ಸಭಾಂಗಣದ ಕಪಾಟಿನಲ್ಲಿವೆ. ಬೇಕಾದವರು ಒಯ್ಯಿರಿ, ಮೊಣಕಾಲು ಊರಲು ಇಬ್ಬರು ಬೇಕೆಂದರೆ ನಮ್ಮನ್ನು ಕರೆಯಿರಿ. ಸೋಪು ಮಾತ್ರ ನಿಮ್ಮದು.